ಸೈಮನ್ ವಿಲ್ಲಾರ್ಡನ ಗೋಡೆ ಗಡಿಯಾರ: ರಚನೆ ಮತ್ತು ಕರ್ತೃತ್ವ

1802ನೆಯ ಇಸವಿ ಫೆಬ್ರವರಿ 8ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ಕಾರವು ಮ್ಯಾಸಚೂಸೆಟ್ಸಿನ ರಾಕ್ಸ್‌ಬರಿ ಎಂಬ ಊರಿನ ಸೈಮನ್ ವಿಲ್ಲಾರ್ಡನಿಗೆ ಒಂದು ಪೇಟೆಂಟು ಸನ್ನದನ್ನು ನೀಡಿತು. ಸುಧಾರಿತ ರೀತಿಯ ಕಾಲಮಾಪಕವೊಂದನ್ನು ಹದಿನಾಲ್ಕು ವರ್ಷಗಳ ಕಾಲ ತಾನೊಬ್ಬನೇ ತಯಾರಿಸಿ ಮಾರುವ ಹಕ್ಕು ಇದರಿಂದ ಅವನಿಗೆ ದೊರೆಯಿತು. ಸನ್ನದಿಗೆ ಅಧ್ಯಕ್ಷ ಥಾಮಸ್ ಜೆಫರ್ಸನ್, ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಮ್ಯಾಡಿಸನ್, ಅಟಾರ್ನಿ ಜನರಲ್ ಲೆವಿ ಲಿಂಕನ್ ಈ ಮೂವರ ರುಜುಗಳಿದ್ದುವು. ಇದನ್ನು ಕಂಡು ಕೆಲವು ಜನಪ್ರಿಯ ಬರಹಗಾರರು ಅಧ್ಯಕ್ಷನೇ ಈ ಕುಶಲಕರ್ಮಿಯನ್ನು ಗುರುತಿಸಿ ಗೌರವಿಸಿದನೆಂದು ವರ್ಣಿಸಿರುವುದುಂಟು. ಅದು ಸರಿಯಲ್ಲ. 1793ರ ಪೇಟೆಂಟು ಕಾನೂನಿನಂತೆ ಪ್ರತಿಯೊಂದು ಸನ್ನದಿಗೂ ಅಧ್ಯಕ್ಷನ ರುಜು ಬೀಳಲೇಬೇಕಾಗಿದ್ದಿತು. ಅಲ್ಲದೆ ಆ ಕಾನೂನಿನಲ್ಲಿ ಹೊಸತನದ ಪರೀಕ್ಷೆಯೇ ಇರಲಿಲ್ಲ. ಅರ್ಜಿ ಕ್ರಮಬದ್ಧವಾಗಿದ್ದು ಶುಲ್ಕ ಸಂದಾಯವಾಗಿದ್ದರೆ ಸನ್ನದು ಸಿಕ್ಕುತ್ತಿತ್ತು. ಆದಕಾರಣ ವಿಲ್ಲಾರ್ಡನ ಹಿರಿಮೆಯನ್ನು ಆ ರುಜುಗಳಲ್ಲಿ ಹುಡುಕದೆ ಆತ ನಿರ್ಮಿಸಿದ ವಸ್ತುವಿನಲ್ಲಿಯೇ ಹುಡುಕುವುದು ಯುಕ್ತವಾದ ಮಾರ್ಗ.

ಆ ವಸ್ತು ಇಂದು ‘ಬ್ಯಾಂಜೋ ಗಡಿಯಾರ’ವೆಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಮೇಲ್ಭಾಗದಲ್ಲಿ ದುಂಡನೆಯ ಮುಖಫಲಕ, ನಡುವೆ ನೀಳವಾದ ಕೊರಳು, ಕೆಳಗೆ ಚೌಕನಾದ ಪೆಟ್ಟಿಗೆ, ಕೊರಳಿನ ಇಕ್ಕೆಲಗಳಲ್ಲಿ ಬಾಗಿದ ಹಿತ್ತಾಳೆಯ ತೋಳುಗಳು, ಇವೆಲ್ಲ ಸೇರಿ ಬ್ಯಾಂಜೋ ವಾದ್ಯವನ್ನು ತಲೆಕೆಳಗಾಗಿ ತೂಗುಹಾಕಿದಂತೆ ಕಾಣುವುದರಿಂದ ಈ ಹೆಸರು ಬಂದಿತು. ಆದರೆ ಈ ಹೆಸರು ವಿಲ್ಲಾರ್ಡನದಲ್ಲ. ಬಹುಕಾಲದ ಮೇಲೆ ಹಳೆಯ ವಸ್ತುಗಳ ಸಂಗ್ರಾಹಕರು ಇಟ್ಟದ್ದು. ಆಫ್ರಿಕದಿಂದ ಗುಲಾಮರಾಗಿ ಬಂದ ಜನರ ವಾದ್ಯದ ಹೆಸರು ನ್ಯೂ ಇಂಗ್ಲೆಂಡಿನ ಶ್ರೀಮಂತರ ಹಜಾರದ ಗಡಿಯಾರಕ್ಕೆ ಅಂಟಿಕೊಂಡದ್ದು ಇತಿಹಾಸದ ಒಂದು ವಿನೋದ. ವಿಲ್ಲಾರ್ಡನು ತನ್ನ ಗಡಿಯಾರವನ್ನು ‘ಪೇಟೆಂಟ್ ಟೈಂಪೀಸ್’ ಎಂದೇ ಕರೆದನು. ಇಂಗ್ಲಿಷಿನಲ್ಲಿ ‘ಕ್ಲಾಕ್’ ಎಂದರೆ ಕಟ್ಟುನಿಟ್ಟಾಗಿ ಹೇಳುವುದಾದರೆ ಗಂಟೆ ಬಾರಿಸುವ ಯಂತ್ರ. ಆ ಶಬ್ದದ ಮೂಲವೇ ಗಂಟೆ ಎಂಬರ್ಥದ ಲ್ಯಾಟಿನ್ ಪದ. ಕನ್ನಡದಲ್ಲಿಯೂ ಹೊಡೆಯುವ ಗಂಟೆಗೂ ದಿನದ ಇಪ್ಪತ್ನಾಲ್ಕನೆಯ ಒಂದು ಭಾಗಕ್ಕೂ ಒಂದೇ ಶಬ್ದವಿರುವುದರಿಂದ ಈ ಸಂಬಂಧ ನಮಗೆ ಅಪರಿಚಿತವಲ್ಲ. ವಿಲ್ಲಾರ್ಡನ ಯಂತ್ರ ಗಂಟೆ ಹೊಡೆಯುತ್ತಿರಲಿಲ್ಲ. ಅದು ಕಾಲವನ್ನು ತೋರಿಸುತ್ತಿತ್ತೇ ವಿನಾ ಸಾರುತ್ತಿರಲಿಲ್ಲ. ಈ ಮೌನವೇ ಅದರ ರಚನೆಯ ಕೀಲಿಕೈಯೆಂಬುದು ಮುಂದೆ ತಿಳಿದುಬರುತ್ತದೆ.

ಪ್ರಸ್ತುತ ಲೇಖನದ ವಿಚಾರ ಎರಡು ಬಗೆಯದು. ಈ ಗಡಿಯಾರದ ಕುಶಲತೆ ಯಾವುದರಲ್ಲಿದೆ ಎಂಬುದು ಒಂದು. ಗಾಜಿನ ಮೇಲೆ ವಿಲ್ಲಾರ್ಡನ ಹೆಸರನ್ನು ಹೊತ್ತಿರುವ ಗಡಿಯಾರವು ಯಾವ ಅರ್ಥದಲ್ಲಿ ವಿಲ್ಲಾರ್ಡನದು ಎಂಬುದು ಇನ್ನೊಂದು. ಶಾಸನಗಳನ್ನು ಓದಿ ಬೆಳೆದ ನಮ್ಮ ನಾಡಿನ ಇತಿಹಾಸಾಭ್ಯಾಸಿಗಳಿಗೆ ಎರಡನೆಯ ಪ್ರಶ್ನೆ ಹೊಸದಾಗಿ ತೋರಲಾರದು. ಪಶ್ಚಿಮ ಗಂಗರ ತಾಮ್ರಪಟಗಳನ್ನು ಕುರಿತು ರೈಸ್ ಮತ್ತು ಫ್ಲೀಟ್ ವಿದ್ವಾಂಸರಲ್ಲಿ ನಡೆದ ವಾದವನ್ನು ಬಲ್ಲವರಿಗೆ, ಹೆಸರೊಂದು ಲೋಹದ ಮೇಲೆ ಕೊರೆದಿದೆ ಎಂದಮಾತ್ರಕ್ಕೆ ಅದನ್ನು ಕೊರೆಸಿದವನು ಅವನೇ ಎಂದಾಗುವುದಿಲ್ಲ ಎಂಬುದು ತಿಳಿದ ಸಂಗತಿ. ಕೂಟಶಾಸನವನ್ನು ಪತ್ತೆಹಚ್ಚಲು ಲಿಪಿಯನ್ನೂ ತಿಥಿಯನ್ನೂ ಒರೆಗೆ ಹಚ್ಚುವಂತೆ ಇಲ್ಲಿಯೂ ಹೆಸರನ್ನು ಬದಿಗಿಟ್ಟು ಒಡಲನ್ನು ಪರೀಕ್ಷಿಸಬೇಕಾಗುತ್ತದೆ.

ಸೈಮನ್ ವಿಲ್ಲಾರ್ಡನು 1753ರ ಏಪ್ರಿಲ್ 3ರಂದು ಮ್ಯಾಸಚೂಸೆಟ್ಸಿನ ಗ್ರಾಫ್ಟನ್ ಎಂಬಲ್ಲಿ ಒಕ್ಕಲುತನದ ಮನೆತನದಲ್ಲಿ ಜನಿಸಿದನು. ಅವನ ಅಣ್ಣ ಬೆಂಜಮಿನ್, ತಮ್ಮಂದಿರಾದ ಎಫ್ರಾಯಿಂ ಮತ್ತು ಆರನ್ ಇವರೂ ಗಡಿಯಾರದ ಕಸುಬನ್ನೇ ಹಿಡಿದರು. ಬೇಸಾಯದ ಬಿಡುವಿನ ತಿಂಗಳುಗಳಲ್ಲಿ ಮನೆಗೆ ಸೇರಿದ ಚಿಕ್ಕ ಕೊಠಡಿಯಲ್ಲಿ ಹಿತ್ತಾಳೆಯನ್ನು ಅರದಿಂದ ಉಜ್ಜಿ ಗಡಿಯಾರಗಳನ್ನು ಕಟ್ಟುತ್ತಿದ್ದರು. ಆ ಮನೆ ಇಂದಿಗೂ ಉಳಿದಿದ್ದು 1971ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲ್ಪಟ್ಟಿತು. 1775ರ ಏಪ್ರಿಲಿನಲ್ಲಿ ಲೆಕ್ಸಿಂಗ್ಟನ್ನಿನ ಕರೆ ಬಂದಾಗ ಗ್ರಾಫ್ಟನ್ನಿನ ದಂಡಿನೊಡನೆ ಸೈಮನನೂ ನಡೆದನು. ಆದರೆ ಅವನ ಸೈನಿಕ ಜೀವನ ಅಲ್ಪಕಾಲದ್ದು. 1780ರ ದಶಕದಲ್ಲಿ ಅವನು ಬಾಸ್ಟನ್ನಿಗೆ ಹತ್ತಿರದ ರಾಕ್ಸ್‌ಬರಿಗೆ ಬಂದು ನೆಲಸಿದನು. 1784ರಲ್ಲಿ, ಒಲೆಯ ಮುಂದೆ ಮಾಂಸವನ್ನು ತಿರುಗಿಸಿ ಬೇಯಿಸುವ ಗಡಿಯಾರ ಮಾದರಿಯ ಯಂತ್ರವೊಂದಕ್ಕೆ ಮ್ಯಾಸಚೂಸೆಟ್ಸಿನ ಶಾಸನಸಭೆಯಿಂದ ಐದು ವರ್ಷಗಳ ಹಕ್ಕನ್ನು ಪಡೆದನು. ಅಡಿಗೆಮನೆಯ ಈ ಯಂತ್ರವನ್ನು ಜೀವನಚರಿತ್ರಕಾರರು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಆದರೆ ಚಿಕ್ಕ ಜಾಗದಲ್ಲಿ, ಸ್ವಲ್ಪ ಬಲದಿಂದ, ಹೆಚ್ಚು ಹೊತ್ತು ಚಕ್ರವನ್ನು ತಿರುಗಿಸುವುದು ಹೇಗೆ ಎಂಬ ಸಮಸ್ಯೆ ಅವನನ್ನು ಮೊದಲಿನಿಂದಲೂ ಕಾಡುತ್ತಿತ್ತೆಂಬುದಕ್ಕೆ ಅದೇ ಸಾಕ್ಷಿ.

ಸಮಸ್ಯೆಯ ಸ್ವರೂಪವನ್ನು ಕೊಂಚ ವಿಸ್ತರಿಸಿ ಹೇಳಬೇಕು. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಉತ್ತಮ ಗಡಿಯಾರವೆಂದರೆ ನೆಲದ ಮೇಲೆ ನಿಲ್ಲುವ, ಏಳು ಅಡಿಗೂ ಮಿಗಿಲಾದ ಎತ್ತರದ ಬೀರುವಿನಂಥ ಗಡಿಯಾರ. ಆ ಎತ್ತರ ಬರಿಯ ಆಡಂಬರವಲ್ಲ. ಸೆಕೆಂಡಿಗೊಮ್ಮೆ ತೂಗುವ ಲೋಲಕದ ಉದ್ದ ಸುಮಾರು 39 ಅಂಗುಲವಿರಬೇಕೆಂಬುದು ಪ್ರಕೃತಿಯ ನಿಯಮ. ಅದಲ್ಲದೆ ಯಂತ್ರವನ್ನು ನಡೆಸುವ ಸೀಸದ ಅಥವಾ ಕಬ್ಬಿಣದ ಗುಂಡುಗಳು ಎಂಟು ದಿನಗಳಲ್ಲಿ ಐದು ಅಡಿಗಳಷ್ಟು ಕೆಳಗಿಳಿಯಬೇಕು. ಒಂದು ಗುಂಡು ಮುಳ್ಳುಗಳನ್ನು ನಡೆಸಲು, ಮತ್ತೊಂದು ಗಂಟೆ ಹೊಡೆಯಲು. ಇಂಥ ಗಡಿಯಾರಕ್ಕೆ ಹಿತ್ತಾಳೆಯೂ ಹೆಚ್ಚು, ಮರವೂ ಹೆಚ್ಚು, ಬಡಗಿಯ ಕೂಲಿಯೂ ಹೆಚ್ಚು. ಸ್ವಾತಂತ್ರ್ಯಯುದ್ಧದ ಅನಂತರದ ವರ್ಷಗಳಲ್ಲಿ ಹಿತ್ತಾಳೆ ದುಬಾರಿಯಾಗಿದ್ದಿತು. ಕೈಯಲ್ಲಿ ನಗದು ಇದ್ದವರು ಕಡಮೆ. ಸ್ಪ್ರಿಂಗಿನ ಮೂಲಕ ಯಂತ್ರ ನಡೆಸಬಹುದೆಂಬುದು ಎಲ್ಲರಿಗೂ ತಿಳಿದ ವಿಷಯವಾದರೂ ಒಳ್ಳೆಯ ಉಕ್ಕಿನ ಸ್ಪ್ರಿಂಗು ಅಮೆರಿಕದಲ್ಲಿ ಆಗ ತಯಾರಾಗುತ್ತಿರಲಿಲ್ಲ, ಇಂಗ್ಲೆಂಡಿನಿಂದ ಬಂದದ್ದಕ್ಕೆ ಬೆಲೆ ಹೆಚ್ಚು. ಗುಂಡನ್ನೇ ಉಳಿಸಿಕೊಂಡು ಗಡಿಯಾರವನ್ನು ಚಿಕ್ಕದು ಮಾಡಬೇಕಾಗಿತ್ತು. ಗ್ರಾಫ್ಟನ್ನಿನಲ್ಲಿ ಸೈಮನನು ಮಾಡಿದ ಪುಟ್ಟ ಗೋಡೆ ಗಡಿಯಾರಗಳು, ಆಮೇಲೆ ಮ್ಯಾಸಚೂಸೆಟ್ಸಿನಲ್ಲಿ ರೂಢಿಗೆ ಬಂದ ಹಲಗೆಯ ಮೇಲಿಡುವ ಗಡಿಯಾರಗಳು, ಎಲ್ಲವೂ ಈ ದಿಕ್ಕಿನ ಪ್ರಯತ್ನಗಳೇ. 1802ರ ಗಡಿಯಾರ ಆಕಸ್ಮಿಕವಾಗಿ ಹೊಳೆದದ್ದಲ್ಲ, ಕಾಲು ಶತಮಾನದ ಅಭ್ಯಾಸದ ಫಲ.

ಇನ್ನು ಅದರ ಒಳರಚನೆಗೆ ಬರೋಣ. ಇಡೀ ಗಡಿಯಾರದ ಎತ್ತರ ಸಾಮಾನ್ಯವಾಗಿ ಮೂವತ್ತು ಅಂಗುಲದಿಂದ ಮೂವತ್ತನಾಲ್ಕು ಅಂಗುಲ. ಮೇಲಿನ ದುಂಡು ಭಾಗದಲ್ಲಿ, ಎರಡು ಹಿತ್ತಾಳೆಯ ತಗಡುಗಳ ನಡುವೆ ಹಲ್ಲುಚಕ್ರಗಳನ್ನು ಜೋಡಿಸಿದ ಯಂತ್ರವಿರುತ್ತದೆ. ಅದನ್ನು ಪೆಟ್ಟಿಗೆಯ ಬೆನ್ನುಹಲಗೆಗೆ ಎರಡು ಉದ್ದನೆಯ ತಿರುಪುಗಳಿಂದ ಬಿಗಿಯಲಾಗಿದೆ. ನೆಲದ ಗಡಿಯಾರಗಳಲ್ಲಿ ಲೋಲಕವು ಯಂತ್ರದ ಹಿಂದೆ ತೂಗುತ್ತದೆ. ವಿಲ್ಲಾರ್ಡನು ಅದನ್ನು ಮುಂದಕ್ಕೆ ತಂದನು. ಮುಂದಿನ ತಗಡಿಗೆ ಸೇರಿಸಿದ ಚಿಕ್ಕ ಸೇತುವೆಯೊಂದರಿಂದ ಲೋಲಕವು ಮುಖಫಲಕಕ್ಕೂ ಯಂತ್ರಕ್ಕೂ ನಡುವೆ ಇಳಿಯುತ್ತದೆ. ಮುಳ್ಳುಗಳ ನಡುವಣ ಅಚ್ಚು ಅಡ್ಡ ಬರುವುದರಿಂದ, ಆ ಸ್ಥಳದಲ್ಲಿ ಲೋಲಕದ ಸಲಾಕೆಯನ್ನು ಬಳೆಯಂತೆ ಬಿಡಿಸಿ ಅಚ್ಚು ಅದರೊಳಗೆ ಹಾಯ್ದುಹೋಗುವಂತೆ ಮಾಡಿದ್ದಾನೆ. ಈ ಒಂದು ಮಾರ್ಪಾಟಿನಿಂದ ಯಂತ್ರದ ಹಿಂಭಾಗದಲ್ಲಿ ಜಾಗ ತೆರವಾಯಿತು. ಆ ಜಾಗದಲ್ಲಿ ಗುಂಡು ರಾಟೆಯ ಮೂಲಕ ನೇತಾಡುತ್ತ ಕೊರಳಿನೊಳಗೆ ಇಳಿಯುತ್ತದೆ. ಹಿಂದೆ ಗುಂಡು, ಮುಂದೆ ಲೋಲಕ. ಇವೆರಡೂ ಒಂದನ್ನೊಂದು ತಾಗದಂತೆ ನಡುವೆ ತೆಳುವಾದ ತಗಡಿನ ಮರೆ. ಇಕ್ಕಟ್ಟಾದ ಒಂದೇ ಕೊಳವೆಯಲ್ಲಿ ಎರಡು ಚಲನೆಗಳನ್ನು ಒಂದರ ಬೆನ್ನಿಗೊಂದು ನಿಲ್ಲಿಸಿದ ಈ ಏರ್ಪಾಡೇ ಪೇಟೆಂಟಿನ ತಿರುಳು.

ಗುಂಡು ಇಳಿಯುವ ಅಂತರ ಸುಮಾರು ಹದಿನೈದು ಅಂಗುಲ ಮಾತ್ರ. ಐದು ಅಡಿ ಇಳಿದು ಎಂಟು ದಿನ ನಡೆಸುತ್ತಿದ್ದ ಕೆಲಸವನ್ನು ಒಂದೂಕಾಲು ಅಡಿಯಲ್ಲಿ ಸಾಧಿಸಬೇಕಾದರೆ ಯಂತ್ರಕ್ಕೆ ದೊರೆಯುವ ಶಕ್ತಿ ಅದೇ ತೂಕದ ಗುಂಡಿನಲ್ಲಿಯೂ ನಾಲ್ಕನೆಯ ಒಂದು ಪಾಲಾಗುತ್ತದೆ. ಈ ಅಲ್ಪ ಶಕ್ತಿಯಲ್ಲಿ ಗಂಟೆ ಹೊಡೆಸುವುದು ಕಷ್ಟ. ಆದಕಾರಣ ಗಂಟೆಯನ್ನು ಕೈಬಿಡಲಾಯಿತು. ಲೋಲಕವೂ ಚಿಕ್ಕದಾಗಿ ಇಪ್ಪತ್ತು ಅಂಗುಲದ ಆಸುಪಾಸಿಗೆ ಬಂದಿತು. ಅದರ ಬಡಿತ ಸೆಕೆಂಡಿಗಿಂತ ಚುರುಕಾಯಿತು. ಚಕ್ರಗಳ ಹಲ್ಲುಗಳು ನಯವಾಗಿಲ್ಲದಿದ್ದರೆ, ಅಚ್ಚಿನ ತುದಿಗಳು ತೆಳ್ಳಗೆ ಹೊಳಪಾಗಿಲ್ಲದಿದ್ದರೆ ಗಡಿಯಾರ ನಿಂತೇಹೋಗುತ್ತದೆ. ದೊಡ್ಡ ಗಡಿಯಾರದಲ್ಲಿ ಒರಟು ಕೆಲಸವನ್ನು ಭಾರವಾದ ಗುಂಡು ಮುಚ್ಚಿಹಾಕುತ್ತದೆ. ಇಲ್ಲಿ ಮುಚ್ಚಿಡಲು ಏನೂ ಇರಲಿಲ್ಲ. ವಿಲ್ಲಾರ್ಡನ ಕುಶಲತೆಯ ನಿಜವಾದ ಒರೆಗಲ್ಲು ಇದು ಎಂದು ಈ ಲೇಖಕನ ಭಾವನೆ. ಸಂಗ್ರಾಹಕರು ಮೆಚ್ಚುವುದು ಚಿನ್ನದ ರೇಕು, ಚಿತ್ರದ ಗಾಜುಗಳನ್ನು. ಆದರೆ ಕುಶಲಕರ್ಮಿ ಬೆವರು ಸುರಿಸಿದ್ದು ಯಾರ ಕಣ್ಣಿಗೂ ಬೀಳದ ಅಚ್ಚಿನ ತುದಿಗಳ ಮೇಲೆ.

ಹೊರರೂಪವೂ ಈ ಒಳರಚನೆಯಿಂದಲೇ ಹುಟ್ಟಿತು. ಯಂತ್ರಕ್ಕಾಗಿ ತಲೆ ದುಂಡಗಾಯಿತು. ಲೋಲಕದ ಸಲಾಕೆ ಮೇಲ್ಗಡೆ ಸ್ವಲ್ಪವೇ ಓಲಾಡುವುದರಿಂದ ಕೊರಳು ಸಪೂರವಾಗಿದ್ದು ಕೆಳಕ್ಕೆ ಬಂದಂತೆ ಕೊಂಚ ಅಗಲವಾಗುತ್ತದೆ. ಲೋಲಕದ ಬಿಲ್ಲೆ ಅತ್ತಿತ್ತ ಸರಿಯಲು ಸ್ಥಳ ಬೇಕಾದುದರಿಂದ ಕೆಳಗೆ ಪೆಟ್ಟಿಗೆ ಬಂದಿತು. ಗಡಿಯಾರವನ್ನು ಸಾಗಿಸುವಾಗ ಬಿಲ್ಲೆಯನ್ನು ಆ ಪೆಟ್ಟಿಗೆಯಲ್ಲಿಯೇ ಹಿಡಿದು ನಿಲ್ಲಿಸಲು ಒಂದು ಚಿಕ್ಕ ಬಿಗಿಪಟ್ಟಿಯೂ ಉಂಟು. ನೆಲದ ಗಡಿಯಾರ ಮನೆ ಬದಲಾಯಿಸಿದಾಗಲೆಲ್ಲ ಅದನ್ನು ಬಿಚ್ಚಿ ಪುನಃ ಜೋಡಿಸಲು ಕಸುಬುದಾರನೇ ಬರಬೇಕಾಗಿತ್ತೆಂಬುದನ್ನು ನೆನೆದರೆ ಇದರ ಅನುಕೂಲ ಮನಸ್ಸಿಗೆ ಬರುತ್ತದೆ. ಪಾರ್ಶ್ವದ ಹಿತ್ತಾಳೆಯ ತೋಳುಗಳಿಗೆ ಮಾತ್ರ ಯಾವ ಕೆಲಸವೂ ಇಲ್ಲ. ತಲೆಯಿಂದ ಪೆಟ್ಟಿಗೆಗೆ ಕಣ್ಣು ಎಡವದೆ ಇಳಿಯಲಿ ಎಂಬುದಷ್ಟೇ ಅವುಗಳ ಉದ್ದೇಶ.

ಕೊರಳಿನ ಮತ್ತು ಪೆಟ್ಟಿಗೆಯ ಮುಂಭಾಗದಲ್ಲಿ ಚಿತ್ರ ಬರೆದ ಗಾಜುಗಳನ್ನು ಕೂಡಿಸಲಾಗುತ್ತಿತ್ತು. ಈ ಚಿತ್ರಗಳನ್ನು ಗಾಜಿನ ಹಿಂಬದಿಯಲ್ಲಿ ಬರೆಯಬೇಕು. ನೋಡುವವನು ಮುಂಬದಿಯಿಂದ ನೋಡುತ್ತಾನೆ. ಆದ್ದರಿಂದ ಕ್ರಮವೆಲ್ಲ ತಿರುಗುಮುರುಗು. ಸಾಮಾನ್ಯ ಚಿತ್ರಕಾರನು ಕೊನೆಗೆ ಎಳೆಯುವ ಸೂಕ್ಷ್ಮ ಗೆರೆಗಳನ್ನು ಇಲ್ಲಿ ಮೊದಲು ಎಳೆಯಬೇಕು, ಮೊದಲು ಬಳಿಯುವ ಹಿನ್ನೆಲೆಯನ್ನು ಕೊನೆಗೆ ಬಳಿಯಬೇಕು. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಪ್ಪಿಸಿ ಬರೆಯಬೇಕು. ಚಿನ್ನದ ರೇಕನ್ನು ಅಂಟಿನ ನೀರಿನಿಂದ ಗಾಜಿಗೆ ಹತ್ತಿಸಿ, ಬೇಡವಾದುದನ್ನು ಕೆರೆದು ತೆಗೆದು, ಬೆನ್ನಿಗೆ ಬಣ್ಣ ಕೊಡುತ್ತಿದ್ದರು. ತಪ್ಪಿದ ಗೆರೆಯ ಮೇಲೆ ಬೇರೊಂದು ಬಣ್ಣ ಬಳಿದು ಮರೆಮಾಡುವ ಉಪಾಯ ಇಲ್ಲಿ ನಡೆಯದು. ಮೊದಲ ಗೆರೆಯೇ ನೋಟಕನಿಗೆ ಮುಂದಾಗಿ ನಿಲ್ಲುತ್ತದೆ. ಸೈಮನನ ಗಡಿಯಾರಗಳಲ್ಲಿ ಹೆಚ್ಚಾಗಿ ಕಾಣುವುದು ರೇಖಾಲಂಕಾರ, ಬಳ್ಳಿ, ಜಾಲರಿಯ ವಿನ್ಯಾಸಗಳು. ನಡುವೆ ಆತನ ಹೆಸರು ಮತ್ತು ಪೇಟೆಂಟಿನ ಉಲ್ಲೇಖ. 1812ರ ಯುದ್ಧವಾದ ಮೇಲೆ ಇತರರ ಅಂಗಡಿಗಳಲ್ಲಿ ಹಡಗುಗಳ ಕಾಳಗ, ಅದರಲ್ಲಿಯೂ ಕಾನ್‌ಸ್ಟಿಟ್ಯೂಷನ್ ನೌಕೆಯು ಬ್ರಿಟಿಷರ ಗೆರಿಯೇರ್ ನೌಕೆಯನ್ನು ಸೋಲಿಸಿದ ದೃಶ್ಯ ಗಾಜಿನ ಮೇಲೆ ವಿಜೃಂಭಿಸಿತು. ಗೋಡೆಯ ಮೇಲಿನ ಗಡಿಯಾರ ರಾಷ್ಟ್ರಾಭಿಮಾನದ ಫಲಕವೂ ಆಯಿತು.

ಈ ಗಾಜುಗಳನ್ನು ವಿಲ್ಲಾರ್ಡನು ಬರೆಯಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಬಾಸ್ಟನ್ ಪಟ್ಟಣವನ್ನು ರಾಕ್ಸ್‌ಬರಿಗೆ ಸೇರಿಸುತ್ತಿದ್ದ ಕಿರಿದಾದ ಭೂಭಾಗದ ರಸ್ತೆಯಲ್ಲಿ ಆ ಕಾಲಕ್ಕೆ ಒಂದು ಕಸುಬಿನ ಕೇರಿಯೇ ಬೆಳೆದಿತ್ತು. ತಮ್ಮ ಆರನ್ ವಿಲ್ಲಾರ್ಡನು 1790ರ ದಶಕದಲ್ಲಿ ಅಲ್ಲಿ ದೊಡ್ಡ ಕಾರ್ಯಾಗಾರವನ್ನು ತೆರೆದನು. ಸುತ್ತಮುತ್ತ ಪೆಟ್ಟಿಗೆ ಮಾಡುವ ಬಡಗಿಗಳು, ಚಿನ್ನದ ರೇಕು ಹಚ್ಚುವವರು, ಮುಖಫಲಕಕ್ಕೆ ಬಣ್ಣ ಬರೆಯುವವರು ನೆಲಸಿದರು. ಚಿತ್ರಕಾರ ಜಾನ್ ರಿಟೊ ಪೆನಿಮನ್ ವಿಲ್ಲಾರ್ಡರ ಗಡಿಯಾರಗಳಿಗೆ ಫಲಕಗಳನ್ನೂ ಗಾಜುಗಳನ್ನೂ ಬರೆದುಕೊಟ್ಟವರಲ್ಲಿ ಒಬ್ಬನು; ಆರನನ ಅಳಿಯ ಸ್ಪೆನ್ಸರ್ ನೋಲನ್ ಮುಖಫಲಕಗಳ ವ್ಯಾಪಾರವನ್ನೇ ನಡೆಸಿದನು. ಚಿಕ್ಕ ಹಲ್ಲುಚಕ್ರಗಳಿಗೆ ಬೇಕಾದ ಉಕ್ಕಿನ ತಂತಿ, ಒಳ್ಳೆಯ ಅರಗಳು ಇಂಗ್ಲೆಂಡಿನಿಂದ ಬರುತ್ತಿದ್ದುದುಂಟು. ಪೆಟ್ಟಿಗೆಯ ಮಹಾಗನಿ ಮರ ಬಂದದ್ದು ಕೆರಿಬಿಯನ್ ದ್ವೀಪಗಳು ಮತ್ತು ಹಾಂಡುರಾಸ್ ಕೊಲ್ಲಿಯ ಕಾಡುಗಳಿಂದ; ಅಲ್ಲಿ ಅದನ್ನು ಕಡಿದು ಹೊಳೆಗೆ ಎಳೆಯುತ್ತಿದ್ದವರು ಬಹುಮಟ್ಟಿಗೆ ಗುಲಾಮರು. ನ್ಯೂ ಇಂಗ್ಲೆಂಡಿನ ಸ್ವತಂತ್ರ ಕುಶಲಕರ್ಮಿಯ ಕೀರ್ತಿಯನ್ನು ಹಾಡುವ ಗ್ರಂಥಗಳಲ್ಲಿ ಈ ಮಾತು ಬಾರದೆ ಹೋಗಿರುವುದು ಸೋಜಿಗವಲ್ಲ. ಆದರೆ ಗಡಿಯಾರದ ಮರ್ಮವನ್ನು ತಿಳಿಯಬೇಕೆನ್ನುವವನು ಮರದ ಹುಟ್ಟನ್ನೂ ಕೇಳಬೇಕಾಗುತ್ತದೆ.

ಹೀಗಿರುವಾಗ ಸೈಮನನ ಸ್ವಂತ ಕೈಚಳಕವನ್ನು ಕುರಿತ ಐತಿಹ್ಯಗಳನ್ನು ಎಷ್ಟು ನಂಬಬಹುದು? ಅವನ ವಂಶಸ್ಥನಾದ ಜಾನ್ ವೇರ್ ವಿಲ್ಲಾರ್ಡನು 1911ರಲ್ಲಿ ಪ್ರಕಟಿಸಿದ ಚರಿತ್ರೆಯೇ ನಮಗೆ ಮುಖ್ಯ ಆಧಾರ. ಅದರಲ್ಲಿ ಬಂದಿರುವ ಒಂದು ಕಥೆ ಬಹಳ ಪ್ರಚಾರ ಪಡೆದಿದೆ. ಸೈಮನನು ಮುಪ್ಪಿನಲ್ಲಿಯೂ ಗುರುತು ಹಾಕದೆ ಕಣ್ಣಳತೆಯಿಂದಲೇ ಚಕ್ರದ ಹಲ್ಲುಗಳನ್ನು ಅರದಿಂದ ಕಡಿಯಬಲ್ಲವನಾಗಿದ್ದನಂತೆ. ಹಾಗೆ ಮಾಡಿದ ಗಡಿಯಾರ ತಿಂಗಳಿಗೆ ಅರ್ಧ ನಿಮಿಷ ಮಾತ್ರ ವ್ಯತ್ಯಾಸ ತೋರುತ್ತಿತ್ತಂತೆ. ಮೊದಲನೆಯದಾಗಿ, ಚಕ್ರದ ಹಲ್ಲುಗಳನ್ನು ಸಮನಾಗಿ ಕತ್ತರಿಸುವ ಕೈಯಂತ್ರಗಳು ಆ ಕಾಲದ ಗಡಿಯಾರಗಾರರಲ್ಲಿ ವಿರಳವಾಗಿರಲಿಲ್ಲ. ಹಲ್ಲನ್ನು ನಯಗೊಳಿಸುವ ಕೊನೆಯ ಕೆಲಸ ಕಣ್ಣಳತೆಯಿಂದ ನಡೆದಿರಬಹುದು. ಎರಡನೆಯದಾಗಿ, ಗಡಿಯಾರದ ನಿಖರತೆಯನ್ನು ತೀರ್ಮಾನಿಸುವುದು ಹಲ್ಲುಗಳಿಗಿಂತ ಹೆಚ್ಚಾಗಿ ಲೋಲಕ. ಉಕ್ಕಿನ ಸಲಾಕೆಯಿರುವ ಲೋಲಕವು ಶಾಖ ಒಂದು ಸೆಂಟಿಗ್ರೇಡ್ ಡಿಗ್ರಿ ಏರಿದರೆ ಹಿಗ್ಗಿ ದಿನಕ್ಕೆ ಸುಮಾರು ಅರ್ಧ ಸೆಕೆಂಡು ನಿಧಾನವಾಗುತ್ತದೆ. ಹತ್ತು ಡಿಗ್ರಿ ಏರಿದರೆ ದಿನಕ್ಕೆ ಐದು ಸೆಕೆಂಡು, ತಿಂಗಳಿಗೆ ಎರಡೂವರೆ ನಿಮಿಷ. ಮ್ಯಾಸಚೂಸೆಟ್ಸಿನ ಚಳಿಗಾಲಕ್ಕೂ ಬೇಸಗೆಗೂ ಇರುವ ಅಂತರವಂತೂ ಹತ್ತು ಡಿಗ್ರಿಗಿಂತ ಬಹಳ ಹೆಚ್ಚು. ಶಾಖದ ವ್ಯತ್ಯಾಸವನ್ನು ತಿದ್ದಿಕೊಳ್ಳುವ ಏರ್ಪಾಡು ಈ ಸಾಧಾರಣ ಗಡಿಯಾರಗಳಲ್ಲಿ ಇರಲಿಲ್ಲ. ಆದುದರಿಂದ ಅರ್ಧ ನಿಮಿಷದ ಮಾತು, ಹವೆ ಸಮನಾಗಿದ್ದ ಯಾವುದೋ ಒಂದು ತಿಂಗಳಿನ ಅನುಭವವಾದರೆ ಒಪ್ಪತಕ್ಕದ್ದು. ವರ್ಷವಿಡೀ ನಡೆಯುವ ನಿಯಮವೆಂದರೆ ಒಪ್ಪಲಾಗದು. ಮನೆತನದ ಭಕ್ತಿಯಿಂದ ಬರೆದ ಚರಿತ್ರೆಯನ್ನು ಬಳಸುವಾಗ ಈ ಎಚ್ಚರಿಕೆ ಅಗತ್ಯ.

ಆದರೂ ಅದೇ ಗ್ರಂಥವು ಕೊಡುವ ಇನ್ನೊಂದು ಅಂದಾಜು ವಿಚಾರಾರ್ಹವಾಗಿದೆ. 1802ರಿಂದ 1840ರ ಸುಮಾರಿನವರೆಗೆ ಸೈಮನನ ಅಂಗಡಿಯಿಂದ ಹೊರಬಂದ ಪೇಟೆಂಟು ಗಡಿಯಾರಗಳು ನಾಲ್ಕು ಸಾವಿರದಷ್ಟು ಎಂದು ಅದರ ಲೆಕ್ಕ. ಇದನ್ನು ನೆರೆಯ ಕನೆಕ್ಟಿಕಟ್ ಸಂಸ್ಥಾನದಲ್ಲಿ ನಡೆದ ಒಂದು ಘಟನೆಯ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಎಲಿ ಟೆರ್ರಿ ಎಂಬುವನು ಪೋರ್ಟರ್ ಎಂಬ ವ್ಯಾಪಾರಿಗಳೊಡನೆ ಕರಾರು ಮಾಡಿಕೊಂಡು ಮರದ ಚಕ್ರಗಳ ನಾಲ್ಕು ಸಾವಿರ ಗಡಿಯಾರ ಯಂತ್ರಗಳನ್ನು, ಒಂದೊಂದಕ್ಕೆ ನಾಲ್ಕು ಡಾಲರಿನಂತೆ, ಮೂರೇ ವರ್ಷಗಳಲ್ಲಿ ಒದಗಿಸಲು ಒಪ್ಪಿದನು. 1810ರ ಹೊತ್ತಿಗೆ ಆ ಕೆಲಸ ಮುಗಿದಿತ್ತು. ಮೊದಲ ವರ್ಷವನ್ನೆಲ್ಲ ಟೆರ್ರಿಯು ನೀರಿನ ಬಲದಿಂದ ನಡೆಯುವ ಕತ್ತರಿಸುವ ಯಂತ್ರಗಳನ್ನು ಅಣಿಮಾಡುವುದರಲ್ಲಿಯೇ ಕಳೆದನು. ಗಡಿಯಾರಗಳೆಲ್ಲ ಉಳಿದೆರಡು ವರ್ಷಗಳಲ್ಲಿ ಹೊರಬಂದುವು. ಯಾವ ಚಕ್ರವನ್ನು ತೆಗೆದು ಯಾವ ಗಡಿಯಾರಕ್ಕೆ ಹಾಕಿದರೂ ಕೂಡಿಕೊಳ್ಳುವಂತೆ ಅಳತೆ ಒಂದೇ ಆಗಿತ್ತು. ಒಬ್ಬನ ನಾಲ್ಕು ದಶಕಗಳ ದುಡಿಮೆ ಮತ್ತೊಬ್ಬನ ಮೂರು ವರ್ಷದ ಕರಾರಿಗೆ ಸಮನಾಯಿತು. ಟೆರ್ರಿಯ ಯಂತ್ರಕ್ಕೆ ಪೆಟ್ಟಿಗೆಯೂ ಇರಲಿಲ್ಲ. ರೈತನು ಅದನ್ನು ಹಾಗೆಯೇ ಗೋಡೆಗೆ ತೂಗುಹಾಕುತ್ತಿದ್ದನು, ಇಲ್ಲವೆ ಊರ ಬಡಗಿಯಿಂದ ಪೆಟ್ಟಿಗೆ ಮಾಡಿಸಿಕೊಳ್ಳುತ್ತಿದ್ದನು.

ವಿಲ್ಲಾರ್ಡನು ಈ ಸ್ಪರ್ಧೆಯನ್ನು ಎದುರಿಸುವ ಸ್ವಭಾವದವನಲ್ಲ. ತನ್ನ ಪೇಟೆಂಟನ್ನು ಉಲ್ಲಂಘಿಸಿದವರ ಮೇಲೆ ಆತನು ದಾವೆ ಹೂಡಿ ಸಾಧಿಸಲಿಲ್ಲ. ಶಿಷ್ಯನಾದ ಎಲ್ನೇಥನ್ ಟೇಬರನು ಮಾಡಿದನು. ಸ್ವಂತ ತಮ್ಮನಾದ ಆರನನೂ ಮಾಡಿದನು. ಲೆಮ್ಯುಯೆಲ್ ಕರ್ಟಿಸನು ಕೆಲವು ಸುಧಾರಣೆಗಳಿಗೆ 1816ರಲ್ಲಿ ಪೇಟೆಂಟು ಪಡೆದನು. ಕೆಳಗಿನ ಚೌಕ ಪೆಟ್ಟಿಗೆಯ ಸ್ಥಳದಲ್ಲಿ ಉಬ್ಬುಗಾಜಿನ ದುಂಡು ಪೆಟ್ಟಿಗೆಯನ್ನಿರಿಸಿ, ಸುತ್ತಲೂ ಚಿನ್ನದ ಬಣ್ಣದ ಗೋಲಿಗಳನ್ನು ಪೋಣಿಸಿ ‘ಜಿರಾಂಡೋಲ್’ ಎಂಬ ಅತಿ ಶೋಭೆಯ ರೂಪವನ್ನು ನಿರ್ಮಿಸಿದನು. ಅಮೆರಿಕದ ಗಡಿಯಾರಗಳಲ್ಲೆಲ್ಲ ಸುಂದರವಾದುದು ಇದೇ ಎಂದು ಹಲವರ ಮತ. ಸೈಮನನ ಮಿತವಾದ ರೇಖೆಗಳನ್ನು ನೋಡಿದ ಕಣ್ಣಿಗೆ ಅದು ಹಬ್ಬದ ದಿನದ ಉಡುಪಿನಂತೆ ತೋರುತ್ತದೆ. ವ್ಯವಹಾರಚತುರನಾದ ಆರನನು 1823ರಲ್ಲಿ ಕಸುಬಿನಿಂದ ನಿವೃತ್ತನಾದಾಗ ಸಂಪನ್ನನಾಗಿದ್ದನು. ಸೈಮನನು 1839ರಲ್ಲಿ ಅಂಗಡಿಯನ್ನು ಬಿಟ್ಟಾಗ ಅವನಲ್ಲಿ ಉಳಿದಿದ್ದುದು ಐನೂರು ಡಾಲರುಗಳೆಂದು ಕುಟುಂಬದ ಹೇಳಿಕೆ. ಅವನ ಉಪಕರಣಗಳಲ್ಲಿ ಬಹುಪಾಲನ್ನು ಟೇಬರನು ಕೊಂಡುಕೊಂಡನು. 1819ರಲ್ಲಿ ಆತ ಪೇಟೆಂಟು ಪಡೆದ, ದೀಪಸ್ತಂಭದ ಆಕಾರದ ಎಚ್ಚರಿಕೆ ಗಡಿಯಾರವೂ ಮಾರಾಟದಲ್ಲಿ ಗೆಲ್ಲಲಿಲ್ಲ. ಸಾರ್ವಜನಿಕ ಗೌರವಕ್ಕೆ ಮಾತ್ರ ಕೊರತೆಯಾಗಲಿಲ್ಲ. ಹಾರ್ವರ್ಡ್ ವಿದ್ಯಾಪೀಠದ ಗಡಿಯಾರಗಳನ್ನು ಬಹುಕಾಲ ಅವನೇ ನೋಡಿಕೊಂಡನು. ಜೆಫರ್ಸನ್ ರೂಪಿಸಿದ ವರ್ಜೀನಿಯ ವಿಶ್ವವಿದ್ಯಾನಿಲಯದ ರೋಟಂಡ ಸೌಧಕ್ಕೆ ಅವನು ಮಾಡಿದ ಗಡಿಯಾರ 1895ರ ಬೆಂಕಿಯಲ್ಲಿ ಹಾಳಾಯಿತು. ವಾಷಿಂಗ್ಟನ್ನಿನ ಕ್ಯಾಪಿಟಲ್ ಸೌಧದಲ್ಲಿ ಕಾರ್ಲೊ ಫ್ರಾಂಜೋನಿ 1819ರಲ್ಲಿ ಕಡೆದ ಚರಿತ್ರದೇವತೆಯ ರಥದ ಶಿಲ್ಪವಿದೆ. ಅದರ ಗಾಲಿಯೇ ಗಡಿಯಾರದ ಮುಖ. ಅದರೊಳಗಿನ ಯಂತ್ರವನ್ನು 1837ರಲ್ಲಿ, ತನ್ನ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಸೈಮನನು ಕೂಡಿಸಿದನು. 1848ರ ಆಗಸ್ಟ್ 30ರಂದು ತೊಂಬತ್ತೈದು ವರ್ಷದ ವೃದ್ಧನಾಗಿ ಆತ ತೀರಿಕೊಂಡನು.

ಅಷ್ಟರಲ್ಲಿ ಗಡಿಯಾರದ ಲೋಕವೇ ಬೇರೆಯಾಗಿತ್ತು. ಕನೆಕ್ಟಿಕಟ್ಟಿನ ಹಿತ್ತಾಳೆಯ ಗಿರಣಿಗಳು ಉರುಳೆಯಲ್ಲಿ ಒತ್ತಿದ ತಗಡನ್ನು ಅಗ್ಗವಾಗಿ ಒದಗಿಸಿದುವು. ಚಾನ್ಸಿ ಜೆರೋಮನು 1830ರ ದಶಕದ ಕೊನೆಯಲ್ಲಿ ಆ ತಗಡಿನಿಂದ ಚಕ್ರಗಳನ್ನು ಅಚ್ಚೊತ್ತಿ ಕತ್ತರಿಸಿ, ಮೂವತ್ತು ಗಂಟೆ ನಡೆಯುವ ಅಗ್ಗದ ಗಡಿಯಾರವನ್ನು ತಂದನು. 1842ರಲ್ಲಿ ಅವುಗಳನ್ನು ಇಂಗ್ಲೆಂಡಿಗೆ ಕಳುಹಿಸಿದಾಗ ಅಲ್ಲಿಯ ಸುಂಕದ ಅಧಿಕಾರಿಗಳು, ಇಷ್ಟು ಕಡಮೆ ಬೆಲೆ ಇರಲು ಸಾಧ್ಯವೇ ಇಲ್ಲ, ಇದು ಸುಂಕ ತಪ್ಪಿಸುವ ಉಪಾಯ ಎಂದು ಭಾವಿಸಿ, ಕಾನೂನಿನಂತೆ ನಮೂದಿಸಿದ ಬೆಲೆಯ ಮೇಲೆ ನೂರಕ್ಕೆ ಹತ್ತನ್ನು ಸೇರಿಸಿಕೊಟ್ಟು ಸರಕನ್ನೆಲ್ಲ ತಾವೇ ತೆಗೆದುಕೊಂಡರು. ಜೆರೋಮನಿಗೆ ಇದಕ್ಕಿಂತ ಸುಲಭವಾದ ವ್ಯಾಪಾರ ಬೇಕಿರಲಿಲ್ಲ. ಮತ್ತೊಂದು ಸರಕನ್ನು ಕಳುಹಿಸಿದನು, ಅದಕ್ಕೂ ಹಾಗೆಯೇ ಆಯಿತು. ಮೂರನೆಯ ಸಲ ಅಧಿಕಾರಿಗಳಿಗೆ ವಿವೇಕ ಮೂಡಿತು. 1860ರಲ್ಲಿ ಪ್ರಕಟವಾದ ತನ್ನ ಆತ್ಮಚರಿತ್ರೆಯಲ್ಲಿ ಜೆರೋಮನೇ ಇದನ್ನು ಹೇಳಿಕೊಂಡಿದ್ದಾನೆ. ಅದನ್ನು ಬರೆಯುವ ಹೊತ್ತಿಗೆ ಆತ ದಿವಾಳಿಯಾಗಿ ಐದು ವರ್ಷಗಳಾಗಿದ್ದುವು. ಭಾರತದ ಹಳೆಯ ಮನೆಗಳಲ್ಲಿ ಇಂದಿಗೂ ಅಲ್ಲಲ್ಲಿ ಕಾಣಸಿಗುವ ಆನ್‌ಸೋನಿಯ ಮುಂತಾದ ಅಮೆರಿಕನ್ ಗೋಡೆ ಗಡಿಯಾರಗಳು ಈ ಕಾರ್ಖಾನೆಯ ಪರಂಪರೆಗೆ ಸೇರಿದುವೇ ಹೊರತು ವಿಲ್ಲಾರ್ಡನ ಪರಂಪರೆಗಲ್ಲ.

ಹಾಗೆಂದು ವಿಲ್ಲಾರ್ಡನ ಕಸುಬು ನಿರ್ನಾಮವಾಯಿತೆಂದು ತಿಳಿಯಬಾರದು. ಆರನನ ಮಗನಾದ ಕಿರಿಯ ಆರನ್ ವಿಲ್ಲಾರ್ಡನ ಬಳಿ 1829ರಲ್ಲಿ ಎಡ್ವರ್ಡ್ ಹೋವರ್ಡ್ ಎಂಬ ಹುಡುಗನು ಶಿಷ್ಯನಾಗಿ ಸೇರಿದನು. ಇವನು 1842ರಲ್ಲಿ ಡೇವಿಡ್ ಡೇವಿಸ್ ಮೊದಲಾದವರೊಡನೆ ಕೂಡಿ ಬಾಸ್ಟನ್ನಿನಲ್ಲಿ ಉದ್ಯಮವನ್ನು ಸ್ಥಾಪಿಸಿದನು. ಗುಂಡಿನಿಂದ ನಡೆಯುವ ಅದೇ ಬ್ಯಾಂಜೋ ರೂಪವನ್ನು ಐದು ಅಳತೆಗಳಲ್ಲಿ, ಕಪ್ಪು ಮತ್ತು ಕೆಂಪು ಬಣ್ಣದ ಸರಳವಾದ ಗಾಜುಗಳೊಡನೆ ತಯಾರಿಸಿ ಕಚೇರಿಗಳಿಗೂ ರೈಲು ನಿಲ್ದಾಣಗಳಿಗೂ ಮಾರಿದನು. ಹಡಗಿನ ಕಾಳಗವಾಗಲಿ ಚಿನ್ನದ ಗೋಲಿಗಳಾಗಲಿ ಅದರಲ್ಲಿಲ್ಲ. ಆದರೆ ಯಂತ್ರ ಸೊಗಸಾದುದು. 1850ರಲ್ಲಿ ಹೋವರ್ಡನು ಆರನ್ ಡೆನಿಸನ್ನನೊಡನೆ ರಾಕ್ಸ್‌ಬರಿಯಲ್ಲಿ ಕೈಗಡಿಯಾರದ ಕಾಲಕ್ಕಿಂತ ಹಿಂದಿನ ಜೇಬು ಗಡಿಯಾರಗಳನ್ನು ಯಂತ್ರಗಳಿಂದ ತ���ಾರಿಸುವ ಕಾರ್ಖಾನೆಗೆ ಕೈಹಾಕಿದನು. 1854ರಲ್ಲಿ ವಾಲ್ಥಮ್ಮಿಗೆ ಹೋದ ಆ ಕಾರ್ಖಾನೆಯೇ ಮುಂದೆ ಲೋಕಪ್ರಸಿದ್ಧವಾಯಿತು. ಕೈಕೆಲಸದ ವಿಲ್ಲಾರ್ಡ್ ಮನೆತನ ಮತ್ತು ಯಂತ್ರಯುಗ ಇವೆರಡೂ ಪರಸ್ಪರ ವಿರೋಧಿಗಳೆಂದು ಬರೆಯುವವರು ಈ ಗುರುಶಿಷ್ಯ ಸಂಬಂಧವನ್ನು ಗಮನಿಸಿದಂತೆ ಕಾಣುವುದಿಲ್ಲ.

ಇನ್ನು ಕರ್ತೃತ್ವದ ಪ್ರಶ್ನೆ. ಗಾಜು ಒಡೆಯುವ ವಸ್ತು. ಕೆಳಪೆಟ್ಟಿಗೆಯ ಗಾಜಂತೂ ಗುಂಡಿನ ಹಗ್ಗ ಹರಿದಾಗ ಅಥವಾ ಬಾಗಿಲು ಬಡಿದಾಗ ಮೊದಲು ಬಲಿಯಾಗುವುದು. ಆದುದರಿಂದ ಹೆಸರಿರುವ ಭಾಗವೇ ಎಲ್ಲಕ್ಕಿಂತ ಹೆಚ್ಚಾಗಿ ಬದಲಾದ ಭಾಗ. ಹೊಸ ಗಾಜನ್ನು ಬರೆದವನು ಹಳೆಯದರಲ್ಲಿ ಇದ್ದುದನ್ನೇ ಬರೆದನೋ, ಕೊಳ್ಳುವವರಿಗೆ ಇಷ್ಟವಾದ ಹೆಸರನ್ನು ಬರೆದನೋ ಗಾಜೊಂದರಿಂದಲೇ ಹೇಳಲಾಗದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕನ್ನರಿಗೆ ತಮ್ಮ ಪೂರ್ವಿಕರ ವಸ್ತುಗಳ ಮೇಲೆ ಮೋಹ ಹೆಚ್ಚಿದಾಗ ಈ ರೂಪಕ್ಕೆ ಬೇಡಿಕೆ ಬಂದಿತು. ನ್ಯೂ ಹೇವನ್, ಸೇತ್ ಥಾಮಸ್, ಸೆಷನ್ಸ್ ಮೊದಲಾದ ಕನೆಕ್ಟಿಕಟ್ಟಿನ ಕಾರ್ಖಾನೆಗಳೇ ಬ್ಯಾಂಜೋ ಗಡಿಯಾರಗಳನ್ನು ರಾಶಿರಾಶಿಯಾಗಿ ಮಾಡಿದುವು. ಅವುಗಳಲ್ಲಿ ಸ್ಪ್ರಿಂಗಿನಿಂದ ನಡೆಯುವುವೇ ಹೆಚ್ಚು; ಹಲವು ಗಂಟೆಯನ್ನೂ ಹೊಡೆಯುತ್ತವೆ. ಅಂಥವುಗಳಲ್ಲಿ ಕೊರಳು ಇದೆ, ಕೊರಳಿನಲ್ಲಿ ಇಳಿಯುವ ಗುಂಡು ಇಲ್ಲ.

ಇವುಗಳನ್ನು ಗುರುತಿಸುವುದು ಸುಲಭ. ಕಷ್ಟವಿರುವುದು ಹಳೆಯ ಕಾಲದವೇ ಆದ ಗಡಿಯಾರಗಳ ವಿಷಯದಲ್ಲಿ. ಸೈಮನನು ತನ್ನ ಯಂತ್ರಗಳ ಮೇಲೆ ಸಾಮಾನ್ಯವಾಗಿ ಹೆಸರು ಕೊರೆಯುತ್ತಿರಲಿಲ್ಲ. ಪರೀಕ್ಷಕರು ಮೊದಲು ಯಂತ್ರವನ್ನು ಬಿಚ್ಚಿ ಬೆನ್ನುಹಲಗೆಯನ್ನು ನೋಡುತ್ತಾರೆ. ಎರಡು ತಿರುಪುಗಳಿಗೆ ಎರಡೇ ರಂಧ್ರಗಳಿದ್ದರೆ ಯಂತ್ರವೂ ಪೆಟ್ಟಿಗೆಯೂ ಒಟ್ಟಿಗೆ ಹುಟ್ಟಿದುವೆಂದು ಊಹಿಸಬಹುದು. ತುಂಬಿ ಮುಚ್ಚಿದ ಬೇರೆ ರಂಧ್ರಗಳು ಕಂಡರೆ ಒಂದರ ಯಂತ್ರ ಇನ್ನೊಂದರ ಒಡಲಿಗೆ ಬಂದಿದೆ. ಅನಂತರ ಲೋಲಕವನ್ನು ತೂಗುಹಾಕಿದ ಸೇತುವೆಯ ಆಕಾರ, ಗುಂಡಿನ ಮರೆಯ ತಗಡಿನ ಮೊಳೆಗಳು, ಗುಂಡು ಇಳಿದಿಳಿದು ಮರದ ಮೇಲೆ ಎಳೆದ ಗೀರು, ಹಲ್ಲುಗಳ ಸವೆತ. ಹಿತ್ತಾಳೆಯ ತಗಡಿನ ಮೇಲೆ ಸೂಜಿಮೊನೆಯಿಂದ ಗೀಚಿದ ಸಣ್ಣ ಬರಹಗಳೂ ಕೆಲವೊಮ್ಮೆ ಸಿಕ್ಕುತ್ತವೆ. ಅವು ಕಾಲಕಾಲಕ್ಕೆ ಗಡಿಯಾರವನ್ನು ಶುದ್ಧಿಮಾಡಿದ ರಿಪೇರಿಗಾರರು ಬರೆದಿಟ್ಟ ತಮ್ಮ ಹೆಸರು ಮತ್ತು ತಾರೀಖುಗಳು. ಗಾಜಿನ ಮೇಲೆ ಚಿನ್ನದ ಅಕ್ಷರದಲ್ಲಿರುವ ಹೆಸರು ಕೊಳ್ಳುವವರಿಗಾಗಿ ಬರೆದದ್ದು. ಈ ಗೀಚುಗಳು ಮತ್ತೊಬ್ಬ ಕಸುಬುದಾರನು ಬಿಚ್ಚುವವರೆಗೆ ಯಾರಿಗೂ ಕಾಣತಕ್ಕವಲ್ಲ. ಯಾವ ವರ್ಷ ಯಾರು ಯಾವ ಚಕ್ರವನ್ನು ತಿದ್ದಿದರೆಂಬುದನ್ನು ಅಲ್ಲಿಂದಲೇ ಓದಿಕೊಳ್ಳಬೇಕು.